ಸಣ್ಣ ಹಿಡುವಳಿಯಲ್ಲಿ ಎಣ್ಣೆಕಾಳು: ಬೀಜದ ಆಯ್ಕೆಯಿಂದ ಗಾಣದವರೆಗೆ

ಎಣ್ಣೆಕಾಳು ಬೆಳೆದರೆ ಆದಾಯ ಜಾಸ್ತಿ ಆಗುತ್ತದೆ ಅಂತ ಹೇಳುವವರು ಬಹಳ ಜನ. ಹೇಗೆ ಅಂತ ಕೇಳಿದರೆ ಎಲ್ಲರೂ ಇಳುವರಿಯ ಮಾತನ್ನೇ ಎತ್ತುತ್ತಾರೆ. ಆದರೆ ಒಂದೆರಡು ಎಕರೆ ಇರುವ ರೈತರ ಹಣ ಸೋರಿ ಹೋಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಬಿತ್ತುವ ಮುಂಚೆ ಬೀಜಕ್ಕೆ ಸುರಿಯುವ ಖರ್ಚು. ಇನ್ನೊಂದು, ಕಿತ್ತ ಮೇಲಿನ ಎರಡು ವಾರ. ಈ ಎರಡನ್ನು ಕಟ್ಟಿಹಾಕಿದರೆ ಇಳುವರಿ ಇದ್ದಷ್ಟೇ ಇದ್ದರೂ ಕೈಗೆ ಉಳಿಯುವ ದುಡ್ಡು ಹೆಚ್ಚುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆ ಭಾಗಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಶೇಂಗಾ ತೆಗೆದುಕೊಂಡಿದ್ದೇನೆ, ಯಾಕೆಂದರೆ ಖರ್ಚು, ನಷ್ಟ, ಲಾಭ ಮೂರೂ ದೊಡ್ಡದಾಗಿ ಕಾಣುವುದು ಅದರಲ್ಲೇ.

ಹಂತ 1: ಮೊದಲು ಕಾಗದದ ಮೇಲೆ ಲೆಕ್ಕ

ಮಾರುಕಟ್ಟೆ ಬೆಲೆ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಖರ್ಚನ್ನು ಹಣದಲ್ಲಿ ಬರೆದು ಅಲ್ಲಿಗೇ ಬಿಡಬೇಡಿ, ಕಿಲೋ ಲೆಕ್ಕಕ್ಕೆ ತನ್ನಿ. ಒಂದು ಎಕರೆಯ ಉಳುಮೆ, ಬೀಜ, ಗೊಬ್ಬರ, ಕೂಲಿ, ಬಿಡಿಸುವುದು, ಸಾಗಾಣಿಕೆ ಎಲ್ಲ ಸೇರಿಸಿ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಇದನ್ನು ಬಿಟ್ಟರೆ ಲೆಕ್ಕವೇ ಸುಳ್ಳಾಗುತ್ತದೆ. ಬಂದ ಮೊತ್ತವನ್ನು ನಿಮಗೆ ಸಿಗಬಹುದಾದ ಕಡಿಮೆ ಬೆಲೆಯಿಂದ ಭಾಗಿಸಿ. ಉತ್ತರ 300 ಕೆ.ಜಿ. ಬಂತು ಅನ್ನಿ. ಅಂದರೆ ಎಕರೆಗೆ 300 ಕೆ.ಜಿ. ಕಾಯಿ ಬಂದರೆ ಹಾಕಿದ್ದು ವಾಪಸ್ ಬಂದಂತೆ. ಅದರಾಚೆಯದ್ದು ಮಾತ್ರ ಲಾಭ.

ಈಗ ಮಳೆ ಕೈಕೊಟ್ಟ ವರ್ಷದಲ್ಲಿ ನಿಮ್ಮ ಹೊಲದಲ್ಲಿ ಎಷ್ಟು ಬಂದಿತ್ತು ನೆನಪಿಸಿಕೊಳ್ಳಿ. ಅದು 300ರ ಹತ್ತಿರಕ್ಕೂ ಬರದಿದ್ದರೆ ಆ ಬೆಳೆಯನ್ನು ಇಡೀ ಹೊಲಕ್ಕೆ ಹಾಕುವುದು ಬೇಡ. ಖರ್ಚು ಕಡಿಮೆ ಇರುವ ಬೆಳೆ ನೋಡಿ, ಇಲ್ಲವೇ ಅರ್ಧ ಹೊಲಕ್ಕೆ ಮಾತ್ರ ಹಾಕಿ.

ಹಂತ 2: ಮಣ್ಣು ಯಾವುದೋ ಬೆಳೆ ಅದೇ

ಶೇಂಗಾಗೆ ಸಡಿಲವಾದ ಮರಳು ಮಿಶ್ರಿತ ಮಣ್ಣು ಬೇಕು. ಕಾಯಿ ಬೆಳೆಯುವುದೇ ಮಣ್ಣಿನೊಳಗೆ, ಅಲ್ವಾ? ಜಿಗುಟು ಕಪ್ಪು ಮಣ್ಣಿನಲ್ಲಿ ಕೀಳುವಾಗ ಅರ್ಧ ಕಾಯಿ ನೆಲದಲ್ಲೇ ಉಳಿಯುತ್ತದೆ. ಕಪ್ಪು ಮಣ್ಣಿಗೆ ಸೋಯಾ, ಸೂರ್ಯಕಾಂತಿ, ಕುಸುಬೆ ಒಗ್ಗುತ್ತವೆ. ಕುಸುಬೆಯ ತಾಯಿಬೇರು ಎರಡು ಮೀಟರಿಗೂ ಆಳಕ್ಕೆ ಇಳಿಯುತ್ತದೆ. ಮಳೆ ನಿಂತ ಮೇಲೆ ಮಣ್ಣಲ್ಲಿ ಉಳಿದ ತೇವದಲ್ಲೇ ಬೆಳೆ ಮುಗಿಸುತ್ತದೆ. ಮುಳ್ಳಿರುವುದರಿಂದ ದನಕರು ಹತ್ತಿರ ಬರುವುದಿಲ್ಲ.

ಎಳ್ಳಿಗೆ ಫಲವತ್ತತೆಗಿಂತ ಮುಖ್ಯ ನೀರು ಬಸಿದು ಹೋಗುವುದು. ಒಂದೆರಡು ದಿನ ನೀರು ನಿಂತರೂ ಸಾಕು, ಗಿಡ ಸೊರಗುತ್ತದೆ. ಇಳಿಜಾರಿನ ಬಡ ಮಣ್ಣಿಗೆ ಹುಚ್ಚೆಳ್ಳು, ಮಳೆ ಕಡಿಮೆ ಇರುವ ಕಡೆಗೆ ಹರಳು.

ಎಣ್ಣೆಯ ಅಂಶದಲ್ಲೂ ಬಹಳ ವ್ಯತ್ಯಾಸ ಇದೆ. ಶೇಂಗಾ ಬೀಜ, ಎಳ್ಳು, ಹರಳು ಇವುಗಳಲ್ಲಿ ಸುಮಾರು ಶೇ. 45ರಿಂದ 50. ಸೂರ್ಯಕಾಂತಿಯಲ್ಲಿ ಶೇ. 35ರಿಂದ 42. ಕುಸುಬೆಯಲ್ಲಿ ಶೇ. 30ರ ಆಸುಪಾಸು. ಸೋಯಾದಲ್ಲಿ ಬರೀ ಶೇ. 18ರಿಂದ 20. ಸೋಯಾದಿಂದ ದುಡ್ಡು ಬರುವುದು ಎಣ್ಣೆಗಿಂತ ಹಿಂಡಿಯ ಪ್ರೋಟೀನ್‌ನಿಂದ. ಸಣ್ಣ ಗಾಣದಲ್ಲಿ ಸೋಯಾ ಅರೆದು ಲಾಭ ಮಾಡುತ್ತೇನೆ ಅನ್ನುವ ಯೋಚನೆ ಇದ್ದರೆ ಅದನ್ನು ಈಗಲೇ ಕೈಬಿಡಿ. ಕಾಳಾಗಿ ಮಾರುವುದೇ ಸರಿ.

ಒಂದು ಮಾತು ನೆನಪಿರಲಿ: ತೂಕದ ಲೆಕ್ಕದಲ್ಲಿ ಮಾರುವವರಿಗೆ ಹೆಚ್ಚು ಎಣ್ಣೆ ಇರುವ ತಳಿಯಿಂದ ನೇರ ಲಾಭವಿಲ್ಲ. ಕೊಳ್ಳುವವರು ಎಣ್ಣೆಯ ಅಂಶ ನೋಡಿ ಬೆಲೆ ಕಟ್ಟುವವರಾಗಿರಬೇಕು, ಇಲ್ಲವೇ ನೀವೇ ಎಣ್ಣೆ ತೆಗೆಸಬೇಕು. ಎರಡೂ ಇಲ್ಲದಿದ್ದರೆ ಇಳುವರಿ ಮತ್ತು ರೋಗ ತಡೆಯುವ ಗುಣ ನೋಡಿ ತಳಿ ಆರಿಸಿ.

ಹಂತ 3: ಬೀಜದ ಖರ್ಚು ಇಳಿಸುವುದು

ಎಕರೆಗೆ ಎಳ್ಳು 2 ಕೆ.ಜಿ. ಸಾಕು. ಸೂರ್ಯಕಾಂತಿಯೂ ಅಷ್ಟೇ. ಕುಸುಬೆ 4ರಿಂದ 5 ಕೆ.ಜಿ. ಸೋಯಾ 25ರಿಂದ 30 ಕೆ.ಜಿ. ಶೇಂಗಾ ಮಾತ್ರ ಸಿಪ್ಪೆ ತೆಗೆದ ಬೀಜವೇ 40ರಿಂದ 50 ಕೆ.ಜಿ. ಬೇಕು. ಬಿತ್ತಿದ ಬೀಜಕ್ಕೆ ಹತ್ತು ಪಟ್ಟು ಕಾಯಿ ಬಂದರೇ ಅದೃಷ್ಟ. ಹಾಗಾಗಿ ಶೇಂಗಾ ಬೆಳೆಯುವವರ ಅತಿ ದೊಡ್ಡ ಖರ್ಚು ಬೀಜ. ಅದನ್ನು ಪ್ರತಿ ವರ್ಷ ಹೊರಗಿನಿಂದ ತರುವುದು ಎಂದರೆ ಲಾಭದ ದೊಡ್ಡ ಪಾಲನ್ನು ಮೊದಲೇ ಕೊಟ್ಟುಬಿಟ್ಟ ಹಾಗೆ.

ದಾರಿ ಹೀಗಿದೆ. ಒಂದು ವರ್ಷ ಒಳ್ಳೆಯ ಪ್ರಮಾಣಿತ ಬೀಜ ಸ್ವಲ್ಪ ತನ್ನಿ. ಹೊಲದ ಚೆನ್ನಾಗಿರುವ ಮೂಲೆಯಲ್ಲಿ ಬೀಜಕ್ಕೆಂದೇ ಬಿತ್ತಿ. ರೋಗ ಬಂದ ಗಿಡ, ಬೇರೆ ಜಾತಿಯಂತೆ ಕಾಣುವ ಗಿಡ ಎರಡನ್ನೂ ಕಿತ್ತು ಹಾಕಿ. ಬಂದ ಕಾಯಿಯನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಿಪ್ಪೆ ಸಮೇತ ಇಡಿ. ಸಿಪ್ಪೆಯೇ ಬೀಜಕ್ಕೆ ಕಾವಲು. ಬಿತ್ತನೆಗೆ ಒಂದು ವಾರ ಇರುವಾಗ ಕೈಯಿಂದ ಸುಲಿಯಿರಿ. ಕೆಂಪು ಸಿಪ್ಪೆ ಕಿತ್ತುಹೋದ ಬೀಜ, ಮುರಿದ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಅವನ್ನು ಬೇರೆ ಮಾಡಿ. ಎಳ್ಳು, ಕುಸುಬೆ, ಸೋಯಾದ ತಳಿಗಳಲ್ಲೂ ಮನೆಯ ಬೀಜ ಇಡಬಹುದು. ಹೈಬ್ರಿಡ್ ಸೂರ್ಯಕಾಂತಿಯಲ್ಲಿ ಇದು ನಡೆಯದು. ಮುಂದಿನ ಬೆಳೆಯಲ್ಲಿ ಗಿಡಗಳು ಒಂದೇ ಸಮ ಬರುವುದಿಲ್ಲ, ಇಳುವರಿ ಬೀಳುತ್ತದೆ.

ಮನೆ ಬೀಜವಿರಲಿ, ಕೊಂಡ ಬೀಜವಿರಲಿ, ಮೊಳಕೆ ಪರೀಕ್ಷೆ ಬಿಡಬೇಡಿ. 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. ತೇವ ಆರದಂತೆ ನೋಡಿಕೊಳ್ಳಿ. ವಾರದ ನಂತರ ಆರೋಗ್ಯವಾಗಿ ಮೊಳೆತದ್ದು ಎಷ್ಟು ಎಣಿಸಿ. ಶೇಂಗಾಗೆ ಹೇಳಿದ 50 ಕೆ.ಜಿ. ಅನ್ನುವುದು ನೂರಕ್ಕೆ 85 ಮೊಳೆಯುವ ಬೀಜದ ಲೆಕ್ಕ ಅಂದುಕೊಳ್ಳಿ. ನಿಮ್ಮಲ್ಲಿ 70 ಮಾತ್ರ ಮೊಳೆತರೆ 50 ಗುಣಿಸು 85, ಭಾಗಿಸು 70, ಅಂದರೆ ಸುಮಾರು 61 ಕೆ.ಜಿ. ಬೇಕು. ಸೋಯಾದಲ್ಲಂತೂ ಇದು ತುಂಬಾ ಮುಖ್ಯ. ಅದರ ಸಿಪ್ಪೆ ತೆಳು. ಚೀಲವನ್ನು ಎತ್ತರದಿಂದ ಎಸೆದರೂ ಒಳಗಿನ ಮೊಳಕೆ ಸಾಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ.

ಬೀಜೋಪಚಾರಕ್ಕೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಸಾಕು. ಬುಡ ಕೊಳೆ ರೋಗಕ್ಕೆ ಇದು ಒಳ್ಳೆಯ ತಡೆ. ಶೇಂಗಾ, ಸೋಯಾಕ್ಕೆ ರೈಜೋಬಿಯಂ ಕೂಡ ಬೇಕು. ಇದು ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಕಟ್ಟಿಕೊಡುವ ಬ್ಯಾಕ್ಟೀರಿಯಾ. ಹಿಂದೆ ಎಂದೂ ಸೋಯಾ ಬೆಳೆಯದ ಹೊಲದಲ್ಲಿ ಅದರ ಬ್ಯಾಕ್ಟೀರಿಯಾ ಇರುವುದಿಲ್ಲ, ಆದ್ದರಿಂದ ಅಲ್ಲಿ ಲೇಪನ ಕಡ್ಡಾಯ ಅಂತಲೇ ತಿಳಿಯಿರಿ. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ, ಬ್ಯಾಕ್ಟೀರಿಯಾ ಸಾಯುತ್ತದೆ. 30–35 ದಿನಕ್ಕೆ ಒಂದು ಗಿಡ ಅಗೆದು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಸಾರಜನಕ ಕಟ್ಟುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ಮಾಡುತ್ತಿಲ್ಲ.

ಹಂತ 4: ಬಿತ್ತನೆ

ಶೇಂಗಾಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ., ಆಳ 5 ಸೆಂ.ಮೀ. ಸೂರ್ಯಕಾಂತಿಗೆ 60 ಮತ್ತು 30 ಸೆಂ.ಮೀ. ಎಳ್ಳಿಗೆ 30 ಮತ್ತು 15 ಸೆಂ.ಮೀ. ಎಳ್ಳು ತೀರಾ ಸಣ್ಣ ಬೀಜ. ಒಣ ಮರಳು ಬೆರೆಸಿ ಕೂರಿಗೆಯಲ್ಲಿ ಬಿತ್ತಿ, 2–3 ಸೆಂ.ಮೀ.ಗಿಂತ ಆಳಕ್ಕೆ ಹೋಗದಿರಲಿ. 15 ದಿನಕ್ಕೆ ದಟ್ಟವಾದ ಕಡೆ ಗಿಡ ಕಿತ್ತು ತೆಳು ಮಾಡಿ. ಕಷ್ಟಪಟ್ಟು ಹುಟ್ಟಿದ ಗಿಡ ಕೀಳಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಒತ್ತಾಗಿ ಬಿಟ್ಟ ಎಳ್ಳು ಕವಲೊಡೆಯದೆ ಉದ್ದಕ್ಕೆ ಹೋಗಿ ನಾಲ್ಕು ಕಾಯಿ ಕೊಟ್ಟು ಸುಮ್ಮನಾಗುತ್ತದೆ.

ಒಂದೇ ಬೆಳೆ ನೆಚ್ಚಿಕೊಳ್ಳಬೇಡಿ. ಶೇಂಗಾದ ಆರು ಸಾಲಿಗೆ ಒಂದು ಸಾಲು ತೊಗರಿ ಹಾಕಿ. ಶೇಂಗಾ ಕೀಳುವ ಹೊತ್ತಿಗೆ ತೊಗರಿ ಇನ್ನೂ ಬೆಳೆಯುತ್ತಿರುತ್ತದೆ, ಎರಡರ ನಡುವೆ ಪೈಪೋಟಿ ಕಡಿಮೆ. ಹೊಲದ ಸುತ್ತ ಒಂದು ಸಾಲು ಹರಳು ಹಾಕಿದರೆ ಎಲೆ ತಿನ್ನುವ ಹುಳದ ಚಿಟ್ಟೆ ಮೊದಲು ಅಲ್ಲೇ ಮೊಟ್ಟೆ ಇಡುತ್ತದೆ. ಆ ಎಲೆ ಕಿತ್ತು ನಾಶ ಮಾಡಿದರೆ ಔಷಧಿಯ ಖರ್ಚು ಬಹಳಷ್ಟು ತಪ್ಪುತ್ತದೆ. ಸೂರ್ಯಕಾಂತಿಯನ್ನು ಒಂದೇ ಹೊಲದಲ್ಲಿ ವರ್ಷ ವರ್ಷವೂ ಹಾಕಬೇಡಿ. ಮೂರು ವರ್ಷ ಬಿಟ್ಟು ಹಾಕಿ.

ಹಂತ 5: ಶೇಂಗಾದ 35ರಿಂದ 45ನೇ ದಿನ

ಕಳೆ ಕೀಳುವುದು, ಎಡೆಕುಂಟೆ ಹೊಡೆಯುವುದು ಮೊದಲ 40 ದಿನದೊಳಗೆ ಮುಗಿಯಬೇಕು. ಶೇಂಗಾದಲ್ಲಿ ಹೂವು ಉದುರಿದ ಮೇಲೆ ಸೂಜಿಯಂಥ ದಂಟು ಕೆಳಗೆ ಇಳಿದು ಮಣ್ಣು ಸೇರುತ್ತದೆ. ಅದರ ತುದಿಯಲ್ಲೇ ಕಾಯಿ. ಅದು ಇಳಿದ ಮೇಲೆ ಮಣ್ಣು ಕೆದಕಿದರೆ ಕಾಯಿಯನ್ನೇ ಕಿತ್ತಂತೆ.

ಇದೇ ಹೊತ್ತಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ. ಇದನ್ನು ತಪ್ಪಿಸುವ ರೈತರೇ ಹೆಚ್ಚು, ಜೊಳ್ಳು ಕಾಯಿ ಜಾಸ್ತಿ ಬಂತು ಅಂತ ಬೇಸರ ಪಡುವವರೂ ಅವರೇ. ಕಾರಣ ತಿಳಿದರೆ ತಪ್ಪಿಸುವುದಿಲ್ಲ. ಕಾಯಿಯೊಳಗೆ ಕಾಳು ತುಂಬಲು ಕ್ಯಾಲ್ಸಿಯಂ ಬೇಕು, ಜಿಪ್ಸಂ ಕೊಡುವುದು ಅದನ್ನೇ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಮೇಲಕ್ಕೆ ಹೋಗುತ್ತದೆ. ಎಲೆಯಿಂದ ನೀರು ಆವಿಯಾಗುವುದರಿಂದ ಆ ಹರಿವು ಎಲೆಯ ಕಡೆಗೇ. ಮಣ್ಣೊಳಗಿನ ಕಾಯಿಯಿಂದ ನೀರು ಆವಿಯಾಗುವುದಿಲ್ಲ. ಹಾಗಾಗಿ ಬೇರಿನ ಕ್ಯಾಲ್ಸಿಯಂ ಕಾಯಿಗೆ ತಲುಪುವುದೇ ಇಲ್ಲ. ಕಾಯಿ ತನ್ನ ಸುತ್ತಲ ಮಣ್ಣಿನಿಂದ ನೇರವಾಗಿ ಹೀರಬೇಕು. ಬೀಜದ ಜೊತೆ ಆಳಕ್ಕೆ ಹಾಕಿದ ಸುಣ್ಣದಂಶ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೇಲಿನ ಐದಾರು ಸೆಂ.ಮೀ. ಮಣ್ಣಲ್ಲಿ, ಗಿಡದ ಬುಡದ ಸುತ್ತ ಇರಬೇಕು. ಹಾಕಿ, ಲಘುವಾಗಿ ಮಣ್ಣು ಏರಿಸಿ. ಅಷ್ಟೇ.

ಜಿಪ್ಸಂನಲ್ಲಿ ಗಂಧಕವೂ ಇದೆ. ಎಣ್ಣೆ ಕಟ್ಟಲು ಎಲ್ಲ ಎಣ್ಣೆಕಾಳಿಗೂ ಗಂಧಕ ಬೇಕು. ಬೇರೆ ಬೆಳೆಗಳಿಗೆ ಎಕರೆಗೆ 8ರಿಂದ 10 ಕೆ.ಜಿ. ಗಂಧಕ ಸಿಗುವಂತೆ ಬಿತ್ತನೆಯಲ್ಲೇ ಕೊಡಿ. ಯೂರಿಯಾ ಸುರಿದರೆ ಎಲೆ ಹಸಿರಾಗಿ ನೋಡಲು ಚಂದ ಕಾಣುತ್ತದೆ, ಕಾಯಿ ಹೆಚ್ಚುವುದಿಲ್ಲ.

ನೀರಿನ ಅನುಕೂಲ ಸ್ವಲ್ಪವೇ ಇದ್ದರೆ ಅದನ್ನು ಹೂ ಬಿಡುವ ಮತ್ತು ಕಾಳು ತುಂಬುವ ಸಮಯಕ್ಕೆ ಉಳಿಸಿಕೊಳ್ಳಿ. ಶೇಂಗಾಕ್ಕೆ ಕೊನೆಯ ಮೂರ್ನಾಲ್ಕು ವಾರದಲ್ಲಿ ಒಂದು ನೀರು ಸಿಕ್ಕರೆ ಎರಡು ಲಾಭ. ಕಾಳು ತುಂಬುತ್ತದೆ, ಜೊತೆಗೆ ಬರದ ಬಿಸಿಯಲ್ಲಿ ಬರುವ ವಿಷದ ಬೂಷ್ಟು ಕಡಿಮೆ ಆಗುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 6: ಸೂರ್ಯಕಾಂತಿ ಮತ್ತು ಜೇನು

ಸೂರ್ಯಕಾಂತಿಯಲ್ಲಿ ತಟ್ಟೆ ದೊಡ್ಡದಿದ್ದು ಮಧ್ಯದಲ್ಲಿ ಕಾಳು ಜೊಳ್ಳಾಗಿದ್ದರೆ ಎರಡು ಕಾರಣ ಹುಡುಕಿ. ಒಂದು ಬೋರಾನ್ ಕೊರತೆ. ಅಂಚಿನ ಹಳದಿ ದಳ ಬಿಚ್ಚುವ ಹೊತ್ತಿಗೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತಟ್ಟೆಯ ಮೇಲೆ ಬೀಳುವಂತೆ ಸಿಂಪಡಿಸಿ. ಎರಡನೆಯದು ಪರಾಗ ಸರಿಯಾಗಿ ತಲುಪದಿರುವುದು. ಜೇನು ಕಡಿಮೆ ಇದ್ದರೆ ಪೆಟ್ಟಿಗೆ ತಂದಿಡಿ. ಅದೂ ಆಗದಿದ್ದರೆ ಹೂ ಬಿಟ್ಟ ಸಮಯದಲ್ಲಿ ದಿನ ಬಿಟ್ಟು ದಿನ ಬೆಳಿಗ್ಗೆ, ಅಂಗೈಗೆ ಮೆತ್ತನೆ ಬಟ್ಟೆ ಸುತ್ತಿ ಒಂದೊಂದೇ ತಟ್ಟೆಯ ಮೇಲೆ ಹಗುರವಾಗಿ ಸವರುತ್ತ ಹೋಗಿ. ಹೂವಿರುವಾಗ ಕೀಟನಾಶಕ ಹೊಡೆಯಲೇಬೇಡಿ. ಸತ್ತ ಜೇನಿನ ನಷ್ಟ ನಿಮ್ಮ ಕಾಳಿನಲ್ಲೇ ಕಾಣುತ್ತದೆ.

ಹಂತ 7: ಕೊಯ್ಲಿನ ದಿನ ಗೊತ್ತು ಮಾಡುವುದು

ಶೇಂಗಾದ ಎಲೆ ನೋಡಿ ನಿರ್ಧರಿಸಬೇಡಿ. ಹೊಲದ ಬೇರೆ ಬೇರೆ ಕಡೆ ಕೆಲವು ಗಿಡ ಕಿತ್ತು ಕಾಯಿ ಒಡೆದು ಸಿಪ್ಪೆಯ ಒಳಭಾಗ ನೋಡಿ. ನೂರರಲ್ಲಿ 70–75 ಕಾಯಿಯ ಒಳಗೆ ಕಂದು ಅಥವಾ ಕಪ್ಪು ಬಣ್ಣ ಬಂದಿದ್ದರೆ ಕೀಳುವ ಸಮಯ. ಬೇಗ ಕಿತ್ತರೆ ಬೀಜ ಸುಕ್ಕಾಗುತ್ತದೆ. ತಡ ಮಾಡಿದರೆ ದಂಟು ಕೊಳೆತು ಕಾಯಿ ನೆಲದಲ್ಲೇ ಉಳಿಯುತ್ತದೆ, ಗೊಂಚಲು ತಳಿಗಳು ಅಲ್ಲೇ ಮೊಳೆಯುತ್ತವೆ.

ಎಳ್ಳು ಇದಕ್ಕಿಂತ ಅವಸರದ ಬೆಳೆ. ಕಾಯಿ ಒಣಗಿದರೆ ಬಿರಿದು ಬೀಜ ಚೆಲ್ಲುತ್ತದೆ. ಬಿರಿಯದ ಎಳ್ಳು 1943ರಲ್ಲೇ ವೆನೆಜುವೆಲಾದಲ್ಲಿ ಸಿಕ್ಕಿತ್ತು. ಆದರೂ ಕೈಯಿಂದ ಕೊಯ್ಯುವ ರೈತರು ಈಗಲೂ ಬಿರಿಯುವ ತಳಿಗಳನ್ನೇ ಹೆಚ್ಚಾಗಿ ಬೆಳೆಯುತ್ತಾರೆ. ಕೆಳಗಿನ ಕಾಯಿ ಹಳದಿಯಾಗಿ, ಎಲೆ ಉದುರಲು ಶುರುವಾದಾಗ ಮುಂಜಾನೆಯ ತಂಪಲ್ಲಿ ಕೊಯ್ಯಿರಿ. ಸಣ್ಣ ಸಣ್ಣ ಕಟ್ಟು ಕಟ್ಟಿ ಟಾರ್ಪಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಣಗಿದ ಮೇಲೆ ತಲೆಕೆಳಗು ಮಾಡಿ ಕೊಡವಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಕೊಡವಿ. ಸೂರ್ಯಕಾಂತಿಗೆ ತಟ್ಟೆಯ ಹಿಂಭಾಗ ನಿಂಬೆ ಹಳದಿಯಾದರೆ ಗುರುತು ಸಿಕ್ಕಂತೆ.

ಹಂತ 8: ಒಣಗಿಸುವುದು, ಎಲ್ಲಕ್ಕಿಂತ ಮುಖ್ಯ

ಧಾನ್ಯ ಶೇ. 13–14 ತೇವದಲ್ಲಿ ಕೆಡದೆ ಇರುತ್ತದೆ. ಶೇಂಗಾ ಬೀಜಕ್ಕೆ ಮಾತ್ರ ಶೇ. 8ಕ್ಕಿಂತ ಕೆಳಗೆ ಬರಬೇಕು ಅನ್ನುತ್ತಾರೆ. ಯಾಕೆ ಈ ವ್ಯತ್ಯಾಸ? ಎಣ್ಣೆ ನೀರನ್ನು ಹಿಡಿದುಕೊಳ್ಳುವುದಿಲ್ಲ. 100 ಕೆ.ಜಿ. ಬೀಜದಲ್ಲಿ 46 ಕೆ.ಜಿ. ಎಣ್ಣೆ, 8 ಕೆ.ಜಿ. ನೀರು ಇದೆ ಅಂದರೆ ಆ 8 ಕೆ.ಜಿ. ನೀರು ಪೂರ್ತಿ ಉಳಿದ 46 ಕೆ.ಜಿ. ಪದಾರ್ಥದಲ್ಲೇ ಕೂತಿದೆ. ಆ ಭಾಗದ ಲೆಕ್ಕ ಹಾಕಿದರೆ ತೇವ ಸುಮಾರು ಶೇ. 15 ಆಗುತ್ತದೆ. ಬೂಷ್ಟಿಗೆ ಬೇಕಾದ್ದು ಅಷ್ಟೇ. ಹಾಗಾಗಿ ಕೈಗೆ ಒಣಗಿದಂತೆ ಅನಿಸಿದ ಎಣ್ಣೆಕಾಳು ಕೂಡ ಚೀಲದಲ್ಲಿ ಕೆಡುತ್ತದೆ.

ಆ ಬೂಷ್ಟು ಅಸ್ಪರ್ಜಿಲಸ್ ಫ್ಲೇವಸ್. ಅದು ಬಿಡುವ ವಿಷ ಅಫ್ಲಾಟಾಕ್ಸಿನ್, ಯಕೃತ್ತಿನ ಕ್ಯಾನ್ಸರ್ ತರುವಂಥದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಶೇಂಗಾ ಹಿಂಡಿಯಿಂದ ಈ ವಿಷ ಪತ್ತೆಯಾಯಿತು. ಐರೋಪ್ಯ ಒಕ್ಕೂಟ ನೇರವಾಗಿ ತಿನ್ನುವ ಶೇಂಗಾದಲ್ಲಿ ಕೆ.ಜಿ.ಗೆ 4 ಮೈಕ್ರೋಗ್ರಾಂ ಮಾತ್ರ ಒಪ್ಪುತ್ತದೆ. ಒಳ್ಳೆಯ ಬೆಲೆ ಕೊಡುವ ಖರೀದಿದಾರರು ಮೊದಲು ಕೇಳುವುದೇ ಇದನ್ನು. ಅದಕ್ಕಿಂತ ದೊಡ್ಡ ವಿಷಯ, ಆ ಶೇಂಗಾ ತಿನ್ನುವುದು ನಮ್ಮ ಮಕ್ಕಳೂ ಹೌದು.

ಮಾಡಬೇಕಾದ್ದು ಇಷ್ಟು. ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ತಿರುಗಿಸಿ ಸಾಲಾಗಿ ಇಡಿ. ಹಸಿ ಗಿಡ ಗುಡ್ಡೆ ಹಾಕಬೇಡಿ, ಒಳಗೆ ಬೆವೆತು ಒಂದೇ ರಾತ್ರಿಯಲ್ಲಿ ಬಿಸಿಯಾಗುತ್ತದೆ. ಎರಡು ಮೂರು ದಿನದ ಮೇಲೆ ಕಾಯಿ ಬಿಡಿಸಿ. ಬರೀ ನೆಲದ ಮೇಲೆ ಹರಡಬೇಡಿ. ಟಾರ್ಪಾಲ್ ಅಥವಾ ಎತ್ತರದ ಅಟ್ಟಣೆಯ ಮೇಲೆ ನಾಲ್ಕೈದು ಸೆಂ.ಮೀ. ದಪ್ಪಕ್ಕೆ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚಿ. ಕಾಯಿ ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನಬೇಕು. ಬೀಜ ಉಜ್ಜಿದರೆ ಕೆಂಪು ಸಿಪ್ಪೆ ಸಲೀಸಾಗಿ ಬಿಡಬೇಕು. ಅಲ್ಲಿಗೆ ಹದ ಬಂತು.

ಸಿಪ್ಪೆ ಸುಲಿಯಲು ಸುಲಭ ಅಂತ ಒಣಗಿದ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಹಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಅಷ್ಟು ದಿನ ಒಣಗಿಸಿದ್ದು ಒಂದೇ ಗಳಿಗೆಯಲ್ಲಿ ವ್ಯರ್ಥವಾಗುತ್ತದೆ. ಕೈಯಿಂದ ತಿರುಗಿಸುವ ಸುಲಿಯುವ ಯಂತ್ರವನ್ನು ನಾಲ್ಕಾರು ಮನೆ ಸೇರಿ ಕೊಂಡರೆ ನೀರಿನ ಅಗತ್ಯವೇ ಇಲ್ಲ.

ಆಮೇಲೆ ಆರಿಸುವುದು. ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ. ಸುಕ್ಕು, ಮುರುಕು, ಬಣ್ಣಗೆಟ್ಟ ಕೆಲವೇ ಬೀಜಗಳಲ್ಲಿ ತುಂಬಿರುತ್ತದೆ. ಅವನ್ನು ತೆಗೆದರೆ ಉಳಿದದ್ದು ಬಹಳ ಮಟ್ಟಿಗೆ ಶುದ್ಧ. ತೆಗೆದದ್ದನ್ನು ಗಾಣಕ್ಕೂ ಹಾಕಬೇಡಿ, ದನಕ್ಕೂ ಹಾಕಬೇಡಿ. ಹಿಂಡಿಯಲ್ಲಿ ಉಳಿದ ವಿಷ ಹಾಲಿಗೂ ಬರುತ್ತದೆ. ನೆಲದಲ್ಲಿ ಹೂತುಬಿಡಿ.

ಹಂತ 9: ಮಾರುವುದೋ, ಎಣ್ಣೆ ತೆಗೆಸುವುದೋ

ತೇವದ ಲೆಕ್ಕ ಗೊತ್ತಿದ್ದರೆ ವ್ಯಾಪಾರಿಯ ಮುಂದೆ ಧೈರ್ಯವಾಗಿ ಮಾತಾಡಬಹುದು. ಶೇ. 16 ತೇವದ 100 ಕೆ.ಜಿ. ಕಾಳು ಶೇ. 8ಕ್ಕೆ ಒಣಗಿದರೆ ಸುಮಾರು 91 ಕೆ.ಜಿ. ಆಗುತ್ತದೆ. ಹಸಿ ಮಾಲಿಗೆ ವ್ಯಾಪಾರಿ ಶೇ. 9ಕ್ಕಿಂತ ಹೆಚ್ಚು ಕಡಿತ ಮಾಡಿದರೆ ನಿಮಗೆ ನಷ್ಟ, ಒಣಗಿಸಿ ತರುವುದೇ ಮೇಲು. ಮನೆಯಲ್ಲೇ ಒಮ್ಮೆ ತೂಗಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಕ್ಕಪಕ್ಕದವರು ಒಂದೇ ತಳಿ ಬೆಳೆದು, ಒಂದೇ ಹದಕ್ಕೆ ಒಣಗಿಸಿ, ಒಟ್ಟಿಗೆ ಲೋಡ್ ಮಾಡಿದರೆ ದಲ್ಲಾಳಿಯನ್ನು ದಾಟಿ ಮಿಲ್ಲಿನವರ ಜೊತೆ ನೇರವಾಗಿ ಮಾತಾಡಲು ಆಗುತ್ತದೆ.

ಎಣ್ಣೆ ತೆಗೆಸುವ ಲೆಕ್ಕ ಹೀಗೆ. 100 ಕೆ.ಜಿ. ಶೇಂಗಾ ಕಾಯಿಗೆ ಸುಮಾರು 70 ಕೆ.ಜಿ. ಬೀಜ. ಅದರಲ್ಲಿ ಶೇ. 48 ಎಣ್ಣೆ ಇದ್ದರೆ ಒಟ್ಟು 33 ಕೆ.ಜಿ.ಗೆ ಸ್ವಲ್ಪ ಹೆಚ್ಚು. ಸಣ್ಣ ಎಕ್ಸ್‌ಪೆಲ್ಲರ್ (ಎಣ್ಣೆ ತೆಗೆಯುವ ಯಂತ್ರ) ಹಿಂಡಿಯಲ್ಲಿ ಒಂದಷ್ಟು ಎಣ್ಣೆ ಬಿಡುತ್ತದೆ. ಕೈಗೆ ಸಿಗುವುದು ಹತ್ತಿರಹತ್ತಿರ 30 ಕೆ.ಜಿ., ಅಂದರೆ 33 ಲೀಟರ್. ಹಿಂಡಿ 38 ಕೆ.ಜಿ.ಯಷ್ಟು. ಈ ಎಣ್ಣೆ ಮತ್ತು ಹಿಂಡಿಯ ಬೆಲೆ ಕೂಡಿಸಿ, ಸುಲಿಯುವ ಕೂಲಿ, ಗಾಣದ ಕೂಲಿ, ಡಬ್ಬಿ, ಸಾಗಾಣಿಕೆ ಕಳೆಯಿರಿ. ಬಂದದ್ದನ್ನು 100 ಕೆ.ಜಿ. ಕಾಯಿಯ ಬೆಲೆಯ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಸಣ್ಣದಾದರೆ ಗಾಣದ ಗೋಜಿಗೆ ಹೋಗಬೇಡಿ. ಹಿಂಡಿ ನಿಮ್ಮದೇ ದನಗಳಿಗೆ ಬೇಕಾಗಿದ್ದರೆ, ಎಣ್ಣೆ ಕೊಳ್ಳುವ ಖಾಯಂ ಗಿರಾಕಿಗಳಿದ್ದರೆ ಮಾತು ಬೇರೆ. ಮೊದಲ ವರ್ಷ ಬೆಳೆಯ ಕಾಲು ಭಾಗ ಮಾತ್ರ ಅರೆಸಿ ನೋಡಿ ಅನ್ನುವುದು ನನ್ನ ಸಲಹೆ.

ತೆಗೆದ ಎಣ್ಣೆಯನ್ನು ಕೆಲವು ದಿನ ಅಲುಗಿಸದೆ ತಿಳಿಯಾಗಲು ಬಿಡಿ. ತಿಳಿ ಭಾಗ ಸೋಸಿ, ಪೂರ್ತಿ ಒಣಗಿದ ಡಬ್ಬಿಗೆ ಬಾಯಿಯವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಗಾಳಿ, ಬೆಳಕು, ನೀರು ಮೂರೂ ಎಣ್ಣೆಯನ್ನು ಕಮಟು ಮಾಡುತ್ತವೆ. ತಾಮ್ರದ ಪಾತ್ರೆ ಬೇಡ. ಅಗಸೆ ಎಣ್ಣೆ ಬೇಗ ಕೆಡುತ್ತದೆ, ಬೇಕಾದಷ್ಟೇ ತೆಗೆಸಿ. ಹರಳಿನ ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಇದೆ. ಅದನ್ನು ದನದ ಕೊಟ್ಟಿಗೆಯ ಹತ್ತಿರವೂ ಇಡದೆ ನೇರವಾಗಿ ಗೊಬ್ಬರವಾಗಿ ಹೊಲಕ್ಕೆ ಹಾಕಿ, ಮಣ್ಣಲ್ಲಿ ಮುಚ್ಚಿ. ಅದೇ ಎಕ್ಸ್‌ಪೆಲ್ಲರಿನಲ್ಲಿ ಮುಂದೆ ಅಡುಗೆ ಎಣ್ಣೆ ತೆಗೆಯುವುದಿದ್ದರೆ ಹರಳನ್ನು ಅದಕ್ಕೆ ಹಾಕಲೇಬೇಡಿ.